ಸೈನೈಡ್ ಗುಡ್ಡದ ಏಕೈಕ ಅಭಿಮಾನಿ

ನಮ್ಮ ಬ್ಯಾಂಡಿನ ಹೆಸರು ‘ಸೈನೈಡ್ ಗುಡ್ಡ’. ಗಣಿಯ ಅದಿರಿಗೆ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಸುರಿದು ಸುರಿದು ಎದ್ದ ಗುಡ್ಡಗಳು ಕೆ.ಜಿ.ಎಫ್.ನ ಯಾವ ಮೂಲೆಯಿಂದಲೂ ಕಾಣುತ್ತವೆ. ಸಾರ ಹೋಗಿ ಉಳಿದದ್ದು ಎಂಬ ಅರ್ಥದಲ್ಲಿ ಹೆಸರು ನಮಗೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಅಸಲಿ ಸೈನೈಡಿಗೂ ನಮಗೂ ಒಂದು ವ್ಯತ್ಯಾಸವಿದೆ. ಅದನ್ನು ತೆಗೆದುಕೊಂಡವರು ಕೂತಲ್ಲೇ ಹೋಗುತ್ತಾರೆ. ನಮ್ಮನ್ನು ಕೇಳಿದವರು ಎದ್ದು ಹೋಗುತ್ತಾರೆ.

ನಾವು ಮೂವರು. ಗಿಟಾರ್ ಶ್ರೀಧರನದು. ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನಿನ ಮನೆಯಲ್ಲಿ ಬೆಳೆದವನು. ಕನ್ನಡದಲ್ಲಿ ಬೈದು ತಮಿಳಿನಲ್ಲಿ ಸಮಾಧಾನ ಮಾಡುತ್ತಾನೆ. ಡ್ರಮ್ಸ್ ಗಿರಿಯದು. ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯವನು. ಬೆಳಿಗ್ಗೆ ಸಂಜೆ ಹಸುವಿನ ಪಾಲು, ನಡುವೆ ನಮ್ಮ ಪಾಲು. ಮನೆಯಲ್ಲಿ ಡ್ರಮ್ಸ್ ಇಡಲು ಜಾಗವಿಲ್ಲದ್ದರಿಂದ ಹಾಲು ಕರೆಯುವ ಮುಂಚೆ ಕೊಟ್ಟಿಗೆಯಲ್ಲೇ ಖಾಲಿ ಕ್ಯಾನನ್ನು ಬೋರಲು ಹಾಕಿಕೊಂಡು ದಿನಾ ಎರಡು ಹೊತ್ತು ಅಭ್ಯಾಸ ಮಾಡುತ್ತಾನೆ. ಹಾಡು ಬರೆದು ಹಾಡುವವನು ನಾನು, ವಿಜಯಕುಮಾರ್. ಬಂಗಾರಪೇಟೆ ಸ್ಟೇಷನ್ ಹತ್ತಿರ ಜೆರಾಕ್ಸ್ ಅಂಗಡಿ ಇದೆ. ಹಗಲೆಲ್ಲ ಬೇರೆಯವರದ್ದನ್ನು ನಕಲು ಮಾಡುವುದರಿಂದ ಸಂಜೆ ಸ್ವಂತದ್ದೇ ಆಗಬೇಕೆಂಬ ಹಟ.

ಸಿನಿಮಾ ಹಾಡು ನಾವು ಮುಟ್ಟುವುದಿಲ್ಲ. ಇದಕ್ಕೆ ಸ್ವತಂತ್ರ ಸಂಗೀತ ಎನ್ನುತ್ತಾರೆ. ನಮ್ಮ ಕಡೆ ಸಂಗೀತಕ್ಕಿಂತ ಕೇಳುಗರೇ ಹೆಚ್ಚು ಸ್ವತಂತ್ರರು. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಹಾಲ್ ಹಿಡಿದು ಹಾಡಿದಾಗ ಬಂದವರು ಶ್ರೀಧರನ ಅತ್ತೆ ಮಕ್ಕಳು ಮತ್ತು ವಾಚ್‌ಮನ್. ವಾಚ್‌ಮನ್ ಕೊನೆಯವರೆಗೂ ಇದ್ದ. ಬೀಗದ ಕೈ ಅವನ ಹತ್ತಿರವೇ ಇತ್ತು. ಹಾಲ್ ನಮಗೆ ಆಗಿಬರುವುದಿಲ್ಲ ಎಂದು ಅವತ್ತೇ ಗೊತ್ತಾಯಿತು. ಹಾಲು ಆಗಿಬರುತ್ತದೆ ಎಂದು ಗೊತ್ತಾಗಲು ಇನ್ನೂ ಸಮಯವಿತ್ತು.

ಮೂರು ವರ್ಷ ಹೀಗೇ ಕಳೆದ ಮೇಲೆ ಗಿರಿ ಒಂದು ದಿನ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತ.

“ಇಜಿಯಣ್ಣಾ, ಇದೊಂದೇ ಕಿತ ನೋಡ್ತೀನಿ. ಆ ಬೆಂಗ್ಳೂರ್ ಮೇಡಮ್ಮು ನಮ್ಮುನ್ನ ಒಪ್ಲಿಲ್ಲ ಅಂದ್ರೆ ನಾನು ಆರ್ಕೆಸ್ಟ್ರಾಗೆ ಓಗ್ತೀನಿ. ಅವ್ರು ಕೇಳ್ತಾನೇ ಅವ್ರೆ.”

“ಮದ್ವೆ ಮನೇಲಿ ಸಿನಿಮಾ ಹಾಡು ಬಾರಿಸ್ತೀಯೇನ್ಲಾ?”

“ಅಲ್ಲಿ ಜನ ಕುಣೀತಾರೆ ಕಣಣ್ಣಾ. ನಮ್ ಪ್ರೋಗ್ರಾಮಲ್ಲಿ ಚಪ್ಪಾಳೆ ಅಂತ ತಲೆ ಎತ್ತಿ ನೋಡಿದ್ರೆ ಸೊಳ್ಳೆ ಒಡೀತಿರ್ತಾರೆ.”

ಗಿರಿ ಹೋದರೆ ಉಳಿಯುವುದು ಒಂದು ಗಿಟಾರು, ಒಂದು ಬಾಯಿ. ಅದಕ್ಕೆ ಬ್ಯಾಂಡ್ ಎನ್ನುವುದಿಲ್ಲ, ಜಗಳ ಎನ್ನುತ್ತಾರೆ.

ಗಿರಿ ಹೇಳಿದ ಮೇಡಂ ಎಂದರೆ ಲಿಖಿತ. ಹೊಸ ಬ್ಯಾಂಡುಗಳನ್ನು ಹುಡುಕಿ ಬೆಂಗಳೂರಿನಲ್ಲಿ ವೇದಿಕೆ ಹತ್ತಿಸುವಾಕೆ. ನಮ್ಮ ರೆಕಾರ್ಡಿಂಗ್ ಕೇಳಿ ಫೋನ್ ಮಾಡಿದ್ದರು. “ರೆಕಾರ್ಡಿಂಗ್ ನಾನು ನಂಬಲ್ಲ ಸರ್. ನೀವು ನಿಮ್ಮ ಜನರ ಮುಂದೆ ಹಾಡೋದನ್ನ ನೋಡ್ಬೇಕು. ಭಾನುವಾರ ಬರ್ಲಾ?”

ಹಾಡು ನಮ್ಮ ಹತ್ತಿರ ಇದ್ದವು. ‘ನಮ್ಮ ಜನ’ವನ್ನು ಎಲ್ಲಿಂದ ತರುವುದು? ದಾರಿ ತೋರಿಸಿದವನೂ ಗಿರಿಯೇ.

“ನಮ್ಮೂರ್ ಡೈರಿ ಮುಂದೆ ಹಾಕಾನ. ಊರೆಲ್ಲಾ ನಮ್ ಸಂಬಂಧದೋರೇ. ಬರ್ದೇ ಇದ್ರೆ ನಾಳೆ ನಮ್ಮನೆ ಮುಂದೆ ಯಾವ ಮುಖ ಒತ್ಕೊಂಡು ಓಡಾಡ್ತಾರೆ? ಆದ್ರೆ ನಾಕಕ್ಕೆ ಶುರು ಮಾಡಿ ಐದಕ್ಕೆ ಮುಗಿಸ್ಬೇಕು. ಐದಾದ್ರೆ ಆಲು ಕರ್ಯೋ ಒತ್ತು.”

“ನಾಲ್ಕೇ ಹಾಡು. ಅರ್ಧ ಗಂಟೆ ಸಾಕು,” ಎಂದೆ.

ನಾಲ್ಕು ಹಾಡಿಗೆ ಅರ್ಧ ಗಂಟೆ ಸಾಕು ಎನ್ನುವುದು ನಿಜ. ಹಾಡುಗಳ ನಡುವೆ ನಾನಿರುತ್ತೇನೆ ಎಂಬುದನ್ನು ಇಬ್ಬರೂ ಮರೆತೆವು.

ಭಾನುವಾರ ಬೆಳಿಗ್ಗೆ ಡೈರಿಯ ಸೆಕ್ರೆಟರಿ ಮುನಿನಾರಾಯಣಪ್ಪನವರು ಮೈಕಿನಲ್ಲಿ ಊರಿಗೆಲ್ಲ ಸಾರಿದರು: “ಇವತ್ತು ಮಧ್ಯಾಹ್ನ ನಾಕು ಗಂಟೆಗೆ ನಮ್ ಗಿರಿದು ಹಾಡಿನ ಪ್ರೋಗ್ರಾಂ ಐತೆ, ಎಲ್ರೂ ಬರ್ಬೇಕು. ಸಂಜೆ ಆಲಿಗೆ ಯಾರೂ ನೀರು ಬೆರೆಸ್ಬಾರ್ದು.” ಎರಡಕ್ಕೂ ಒಂದೇ ಧ್ವನಿ, ಒಂದೇ ಗಾಂಭೀರ್ಯ.

ಜನ ಬಂದರು. ನಿಜವಾಗಿಯೂ ಬಂದರು. ಹೊಂಗೆ ಮರದ ಕೆಳಗೆ ಹಾಕಿದ್ದ ಕುರ್ಚಿ ಸಾಲದೆ ಕೆಲವರು ಡೈರಿ ಜಗುಲಿಯ ಮೇಲೆ ಕೂತರು. ಲಿಖಿತಾರನ್ನು ಬಂಗಾರಪೇಟೆ ಸ್ಟೇಷನ್ನಿನಿಂದ ಗಾಡಿಯಲ್ಲಿ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಹಾಡುಗಳ ಒಳಾರ್ಥ ವಿವರಿಸಿದೆ. ಅವರು ಎರಡು ಸಲ “ಇನ್ನೂ ಎಷ್ಟು ದೂರ ಸರ್?” ಎಂದು ಕೇಳಿದರು.

ಶ್ರೀಧರ ಗಿಟಾರ್ ಶ್ರುತಿ ಮಾಡುವಷ್ಟರಲ್ಲಿ ನಾನು ಮೈಕ್ ಹಿಡಿದೆ. ಮೈಕ್ ಕಂಡರೆ ನನಗೆ ಜೆರಾಕ್ಸ್ ಮೆಷಿನ್ ನೆನಪಾಗುತ್ತದೆ. ಒಂದು ಹೇಳಿದರೆ ಹತ್ತು ಬರುತ್ತದೆ.

“ಬಂಗಾರಪೇಟೆಯಲ್ಲಿ ಬಂಗಾರ ಇಲ್ಲ, ಬರೀ ಪೇಟೆ. ಕಾಮಸಮುದ್ರದಲ್ಲಿ ಸಮುದ್ರ ಇಲ್ಲ. ಇನ್ನೊಂದನ್ನ ನಾನು ವಿಚಾರಿಸೋಕೆ ಹೋಗಿಲ್ಲ…”

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಪೆದ್ದಮ್ಮ ಎಂಬ ಮುದುಕಿ ಎಲೆ ಅಡಿಕೆ ಒಂದು ದವಡೆಗೆ ಸರಿಸಿ, ಹಾಡಿಗೆ ತೆಲುಗಿನ ‘ಪಾಟ’ ಬೆರೆಸಿ ಕೇಳಿದಳು. “ಏಮಪ್ಪಾ, ಪಾಟ ಯಾವಾಗ?”

“ಇದು ಪೀಠಿಕೆ ಅಜ್ಜಿ.”

“ಪೀಠ ಯಾಕಪ್ಪಾ, ಕುರ್ಚಿ ಐತಲ್ಲ. ಪಾಡು.”

ಈಗ ಎಲ್ಲರೂ ನಕ್ಕರು. ಲಿಖಿತಾರೂ.

ಒಂದನೇ ಹಾಡು ಹಾಡಿದೆವು. ಅದು ಯಾಕೆ ಹುಟ್ಟಿತೆಂದು ಹೇಳಿದೆ. ಎರಡನೆಯದು ಹಾಡಿದೆವು. ಅದು ಹುಟ್ಟುವಾಗ ನನಗಾದ ನೋವನ್ನು ಹೇಳಿದೆ. ಹಿಂದಿನಿಂದ ಗಿರಿ “ಅಣ್ಣಾ, ಟೈಮು” ಎಂದು ಕೋಲಿನಿಂದ ನನ್ನ ಬೆನ್ನು ತಿವಿದ. ಲಯದ ಬಗ್ಗೆ ಏನೋ ಸೂಚನೆ ಕೊಡುತ್ತಿದ್ದಾನೆಂದುಕೊಂಡೆ. ಮೂರನೆಯದರ ವಿವರಣೆ ಮುಗಿಯುವಾಗ ಹೊಂಗೆ ಮರದ ನೆರಳು ರಸ್ತೆ ದಾಟಿ ಎದುರು ಮನೆಯ ಗೋಡೆ ಹತ್ತಿತ್ತು.

ನಾಲ್ಕನೆಯದು ನಮ್ಮ ಮುಖ್ಯವಾದ ಹಾಡು, ‘ಇಳಿ’. ಗಣಿಯ ಲಿಫ್ಟು ಪಾತಾಳಕ್ಕೆ ಇಳಿಯುವುದರ ಮೇಲೆ ಬರೆದದ್ದು. ಇದರ ಬಡಿತ ಕಷ್ಟದ್ದು, ನಿಂತು ನಿಂತು ಬೀಳುವಂಥದ್ದು. ಗಿರಿ ಕೊಟ್ಟಿಗೆಯಲ್ಲಿ ಕ್ಯಾನಿನ ಮೇಲೆ ದಿನಾ ಬಾರಿಸುತ್ತಿದ್ದದ್ದು ಇದನ್ನೇ.

ಅವನು ಶುರು ಮಾಡಿದ. ನಾನು ಕಣ್ಣು ಮುಚ್ಚಿ “ಇಳಿ, ಇಳಿ” ಎಂದೆ. ಡೈರಿ ಹಿಂದಿನ ಮನೆಯಿಂದ “ಅಂಬಾ” ಎಂದು ಉತ್ತರ ಬಂತು. ನಾನು ಇನ್ನೂ ಭಾವ ತುಂಬಿ “ಇಳಿ” ಎಂದೆ. ಅಂಬಾ ಇನ್ನೂ ಜೋರಾಯಿತು. ಮೂರು ವರ್ಷದಲ್ಲಿ ಮೊದಲ ಸಲ ಯಾರೋ ನಮ್ಮ ಜೊತೆ ದನಿಗೂಡಿಸಿದ್ದರು.

ಅಷ್ಟರಲ್ಲಿ ಗಿರಿಯ ಹೆಂಡತಿ ಕಲ್ಪನ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು.

“ಏನಯ್ಯಾ, ನಿಲ್ಸಯ್ಯಾ ಆ ಬಡ್ಯೋದ್ನ! ಬೆಳ್ಳಿ ಆಲು ಇಳಿಸ್ಬುಟ್ಟೌಳೆ! ತಟತಟ ಅಂತ ನೆಲಕ್ಕೆ ಸುರೀತೈತೆ!”

ಬೆಳ್ಳಿ ಅವರ ಸೀಮೆಹಸು. ಚಿನ್ನದ ಗಣಿ ಮುಚ್ಚಿದ ನಾಡಿನಲ್ಲಿ ಈಗ ಸಂಸಾರ ನಡೆಯುವುದು ಬೆಳ್ಳಿಯಿಂದಲೇ. ದಿನಾ ಎರಡು ಹೊತ್ತು ಈ ಬಡಿತ ಆದ ಕೂಡಲೇ ಹಾಲು ಕರೆಯುವುದನ್ನು ಕಂಡು ಕಂಡು, ಬಡಿತ ಕೇಳಿದರೆ ಹಾಲು ಇಳಿಸಬೇಕು ಎಂದು ಅದು ತೀರ್ಮಾನ ಮಾಡಿಕೊಂಡಿತ್ತು.

ಗಿರಿ ನನ್ನನ್ನು ನೋಡಿದ, ಲಿಖಿತಾರನ್ನು ನೋಡಿದ. “ನಾನ್ ಬರೋಗಂಟ ಇವ್ರು ಮಾತಾಡ್ತಿರ್ತಾರೆ ಮೇಡಂ,” ಎಂದು ಕೋಲು ಎಸೆದು ಓಡಿದ.

ಬೆಳ್ಳಿಯ ಕೂಗಿಗೆ ಅಕ್ಕಪಕ್ಕದ ಕೊಟ್ಟಿಗೆಗಳೂ ಕೂಗತೊಡಗಿದವು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಕೇಳುಗರೆಲ್ಲ ಒಂದೇ ಕ್ಷಣದಲ್ಲಿ ಏಳುಗರಾದರು. ನಾನು ಕರೆದಾಗ ಬಂದ ಜನ ಹಾಲು ಕರೆಯಲು ಹೋದರು. ಮರದಡಿ ಖಾಲಿ ಕುರ್ಚಿಗಳು, ಶ್ರೀಧರ ಮತ್ತು ನಾನು.

“ಡೇ ಮಚ್ಚಾ,” ಶ್ರೀಧರ ಗಿಟಾರ್ ಕೆಳಗಿಟ್ಟ. “ಆ ಅಮ್ಮ ಎಲ್ಲಿಡಾ? ಮೇಡಮ್ಮೂ ಹೋಯ್ತಾ?”

ಲಿಖಿತಾರ ಕುರ್ಚಿಯೂ ಖಾಲಿ ಇತ್ತು. ಹುಡುಕಿಕೊಂಡು ಗಿರಿಯ ಕೊಟ್ಟಿಗೆಗೆ ಹೋದರೆ ಅಲ್ಲಿದ್ದರು, ಕಂಬಕ್ಕೊರಗಿ. ಗಿರಿ ಕೂತು ಹಾಲು ಕರೆಯುತ್ತಿದ್ದ. ಹಾಲು ಬಕೆಟಿಗೆ ಬೀಳುವ ಸದ್ದಿನಲ್ಲೂ ಅದೇ ಬಡಿತ; ಅವನ ಕೈಗೆ ಬೇರೆ ಗೊತ್ತಿರಲಿಲ್ಲ.

“ನಾಲ್ಕನೇ ಹಾಡು ಬೇಕು ಸರ್,” ಎಂದರು ಲಿಖಿತ. “ಮುಂದಿನ ತಿಂಗಳು ಎರಡನೇ ಶನಿವಾರ, ಸಂಜೆ ಐದೂವರೆಗೆ. ಬೆಂಗಳೂರಿಗೆ ಬಂದ್ಬಿಡಿ. ಆಮೇಲೆ, ಮಾತು…”

“ಕಮ್ಮಿ ಮಾಡ್ತೀನಿ ಮೇಡಂ.”

“ಕಮ್ಮಿ ಅಲ್ಲ ಸರ್. ಪೂರ್ತಿ ಬೇಡ.”

ನಾನು ಕುಣಿಯುವುದೊಂದು ಬಾಕಿ. ಗಿರಿ ಮಾತ್ರ ಹಸುವಿನ ಹೊಟ್ಟೆಯ ಪಕ್ಕದಿಂದ ತಲೆ ಎತ್ತಿದ. “ಐದೂವರೆಗಾ? ಬೆಳ್ಳಿನ ಯಾರು ಕರೀತಾರೆ?”

“ಕರ್ಯಾಕೆ ನಂಗೂ ಬತ್ತೈತೆ,” ಎಂದಳು ಕಲ್ಪನ. “ಈ ಬಡಿತ ಇಲ್ದೆ ಇವ್ಳು ಇಳಿಸ್ಬೇಕಲ್ಲ? ಕರೀಲಿಲ್ಲ ಅಂದ್ರೆ ಕೆಚ್ಚಲು ಊದ್ಕೊಂತೈತೆ. ಕೆಡ್ಸಿದ್ದು ನೀನು, ಏನ್ ಮಾಡಾದು ಅಂತ ನೀನೇ ಏಳು.”

ಮಾರನೇ ದಿನದಿಂದ ಕೊಟ್ಟಿಗೆಯಲ್ಲಿ ಬೆಳ್ಳಿಯ ಮುಂದೆ ನಮ್ಮ ಕಚೇರಿ ಶುರುವಾಯಿತು. ಮೊದಲು ಗಿರಿಯ ಬಡಿತವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದೆವು. ಬೆಳ್ಳಿ ಫೋನನ್ನು ಮೂಸಿ ನೋಡಿ ಸಗಣಿ ಹಾಕಿತು. ಲಿಖಿತಾರಂತೆಯೇ ಅದಕ್ಕೂ ರೆಕಾರ್ಡಿಂಗ್ ಮೇಲೆ ನಂಬಿಕೆ ಇರಲಿಲ್ಲ. ಶ್ರೀಧರ ಗಿಟಾರಿನ ಹಿಂಬದಿಯ ಮೇಲೆ ಬಡಿದ. ಬೆಳ್ಳಿ ಮುಖ ತಿರುಗಿಸಿತು.

“ಮಚ್ಚಾ, ಇದೂ ರಾಬರ್ಟ್‌ಸನ್‌ಪೇಟೆ ಜನ ಮಾದರೀನೇ ನೋಡುತ್ತೆ,” ಎಂದ.

ಕೊನೆಗೆ ನಾನು ಕ್ಯಾನಿನ ಮುಂದೆ ಕೂತೆ. ನನಗೆ ಬಾರಿಸಲು ಬರುವುದಿಲ್ಲ. ಆದರೆ ಹಾಡು ನನ್ನದು, ಅದು ಎಲ್ಲಿ ನಿಂತು ಎಲ್ಲಿ ಬೀಳುತ್ತದೆಂದು ಗೊತ್ತು. ತಪ್ಪಬಾರದೆಂದು ಮೆಲ್ಲಗೆ ಹಾಡಿಕೊಂಡೇ ಬಡಿದೆ. ಬೆಳ್ಳಿಯ ಒಂದು ಕಿವಿ ನನ್ನ ಕಡೆ ತಿರುಗಿತು. ಆಮೇಲೆ ಇನ್ನೊಂದು.

“ಇಳೀತು!” ಎಂದಳು ಕಲ್ಪನ.

ಖುಷಿಯಿಂದ ತಿರುಗಿ ನೋಡಿದೆ. ಗಿರಿ ನೆಲ ನೋಡುತ್ತಿದ್ದ. ಶ್ರೀಧರ ಗಿಟಾರಿನ ತಂತಿಯನ್ನು ಒರೆಸುತ್ತಿದ್ದ. ಆಗ ನನಗೂ ಅರ್ಥವಾಯಿತು, ಆ ಶನಿವಾರ ಇಲ್ಲಿ ಉಳಿಯಬೇಕಾದವನು ಯಾರೆಂದು.

“ನಿನ್ ಹಾಡೆಲ್ಲಾ ನಂಗೆ ಬಾಯಿಪಾಠ ಮಚ್ಚಾ,” ಶ್ರೀಧರ ತಂತಿಗೇ ಹೇಳಿದ. “ಆದ್ರೆ ನೀ ಬೇಡಾಂದ್ರೆ ವೇಣಾಂ. ವಿಟ್ಟುಡು, ಬಿಟ್ಬಿಡೋಣ.”

“ಬ್ಯಾಡ ಇಜಿಯಣ್ಣಾ,” ಎಂದ ಗಿರಿ. “ನೀನಿಲ್ದೆ ಎಂಗೆ? ನಾನು ಆರ್ಕೆಸ್ಟ್ರಾದೋರಿಗೆ ಬತ್ತೀನಿ ಅಂತ ಏಳ್ಬುಡ್ತೀನಿ. ಅವ್ರದೆಲ್ಲಾ ಆಲು ಕರೆದ ಮ್ಯಾಲೇ ಶುರು.”

ಬೆಂಗಳೂರಿಗೆಂದು ಹೊಸ ಅಂಗಿ ಹೊಲಿಸಿದ್ದೆ. ಮಾತು ಬೇಡ ಎಂದಿದ್ದರೂ ಒಂದು ಸಣ್ಣ ಪೀಠಿಕೆಯನ್ನು ಜೆರಾಕ್ಸ್ ಮೆಷಿನ್ ಮುಂದೆ ಅಭ್ಯಾಸ ಮಾಡಿದ್ದೆ. ಅಷ್ಟು ಜನರ ಮುಂದೆ ಒಂದು ಸಲ ನಿಲ್ಲಬೇಕೆಂದು ಎಷ್ಟು ಆಸೆಯಿತ್ತು ಎಂದು ಹೇಳಹೋದರೆ ಇದೂ ಪೀಠಿಕೆಯಾಗುತ್ತದೆ.

“ಓಗ್ರಲಾ,” ಎಂದೆ. “ಯಾರಾದ್ರೂ ಒಬ್ರು ಇಲ್ಲಿ ಲೈವ್ ಕೊಡ್ಬೇಕಲ್ಲ.”

ಆ ಶನಿವಾರ ಇಬ್ಬರನ್ನೂ ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ, ಹೊಸ ಅಂಗಿ ಹಾಕಿಕೊಂಡು ಕೊಟ್ಟಿಗೆಗೆ ಹೋದೆ. ಕಲ್ಪನ ಬಕೆಟ್ ಹಿಡಿದು ಕೂತಳು. ಬೆಳ್ಳಿ ನನ್ನ ಅಂಗಿಯನ್ನು ಒಂದು ಸಲ ನೆಕ್ಕಿತು. ಎದುರಿಗೆ ಕೇಳುಗರು ತಯಾರಾಗಿ ನಿಂತಿರುವುದನ್ನು ಕಂಡು ಅಭ್ಯಾಸಬಲದಿಂದ ಬಾಯಿ ತೆರೆದೆ.

“ಈ ಹಾಡಿನ ಹಿನ್ನೆಲೆ ಏನಪ್ಪಾ ಅಂದ್ರೆ…”

ಬೆಳ್ಳಿ ಹಿಂಗಾಲು ಎತ್ತಿತು.

“ಇಜಿಯಣ್ಣಾ, ಸುಮ್ನೆ ಆಡು,” ಎಂದಳು ಕಲ್ಪನ. “ಮಾತಾಡಿದ್ರೆ ಇವ್ಳು ಇಳಿಸಿದ್ದನ್ನೂ ಮ್ಯಾಕೆ ಎಳ್ಕೊಂತಾಳೆ.”

ಹಾಡಿದೆ. ಒಂದು ಮಾತಿಲ್ಲದೆ, ಪೂರ್ತಿ ಹಾಡನ್ನು, ಮೊದಲಿಂದ ಕೊನೆಯವರೆಗೆ. ಹಾಗೆ ಹಾಡಿದರೆ ಹಾಡು ಪರವಾಗಿಲ್ಲ ಎನಿಸಿತು. ಬಕೆಟ್ ನೊರೆಯೆದ್ದು ತುಂಬಿತು.

ಅಂಗಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಗಿರಿ. ಆ ಕಡೆ ಮಳೆ ಹೊಯ್ದಂತೆ ಸದ್ದು.

“ಕೇಳ್ತೈತಾ ಅಣ್ಣಾ? ಸೊಳ್ಳೆ ಅಲ್ಲ ಕಣಣ್ಣಾ, ಚಪ್ಪಾಳೆ! ಇನ್ನೊಂದ್ ಕಿತ ಆಡಿ ಅಂತಾವ್ರೆ! ಅಲ್ಲಿ ಎಂಗೈತೆ?”

ಬೆಳ್ಳಿಯ ಕಡೆ ನೋಡಿದೆ. ಮೆಲುಕು ಹಾಕುತ್ತ ನಿಂತಿತ್ತು.

“ಒಬ್ರೂ ಎದ್ದು ಓಗಿಲ್ಲ ಕಣ್ಲಾ,” ಎಂದೆ.

ಕಟ್ಟಿಹಾಕಿದ್ದೆವು ಎಂಬುದನ್ನು ಹೇಳಲಿಲ್ಲ.