ಚಕ್ರದ ಕೆಳಗಿನ ಕಲ್ಲು

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಫಿಟ್ಟರ್ ಎದ್ದು ನಿಂತ. ಶವ ಸಾಗಿಸಲು ಡಿಪೋದವರೇ ಕೊಟ್ಟ ಹಳೇ ಬಸ್ಸು ಅದು. ಒಳಗೆ ಮಲಗಿದ್ದವನು ಹದಿನೈದು ವರ್ಷ ಅವನ ಜೊತೆ ಅದೇ ಡಿಪೋದಲ್ಲಿ ದುಡಿದ ಮೆಕ್ಯಾನಿಕ್ಕು.

"ಈಗ್ಯಾಕಯ್ಯಾ ಕಲ್ಲು? ಬ್ರೇಕ್ ಹಿಡಿಯುತ್ತಲ್ಲ," ಎಂದ ಕಂಡಕ್ಟರ್.

"ಅಭ್ಯಾಸ."

"ಬ್ರೇಕ್ ಸರಿಮಾಡಿಸಿದವನೇ ಕೊನೆಗೆ ಬಸ್ಸು ತೊಳೀತಾ ಸವೆದುಹೋದ, ಪಾಪ. ಯಾವ ಮನೆಹಾಳ ಮ್ಯಾನೇಜರಿಗೆ ಅವನ ಹೆಸರು ಹೇಳಿದನೋ!"

ಫಿಟ್ಟರ್ ಕೈಯ ಮಣ್ಣು ಒರೆಸಿಕೊಂಡ. ಆ ಮನೆಹಾಳ ಅವನೇ.

*

ಒಂಬತ್ತು ವರ್ಷದ ಹಿಂದಿನ ಮಾತು. ಸವೆದ ಬ್ರೇಕುಗಳಿಗೆ ನೋಡದೆಯೇ 'ಸರಿಯಿದೆ' ಎಂದು ಮ್ಯಾನೇಜರ್ ಕೆಲಸಗಾರರಿಂದ ಸಹಿ ಹಾಕಿಸುತ್ತಿದ್ದ. ಮೆಕ್ಯಾನಿಕ್ ತಡೆಯಲಾರದೆ ಶಾಸಕರ ಸಮಿತಿಗೆ ಬರೆದ. ಸಮಿತಿ ಅವನ ಹೆಸರನ್ನು ಗುಟ್ಟಾಗಿಯೇ ಇಟ್ಟಿತು. ತನಿಖೆ ಬಂತು, ಬ್ರೇಕುಗಳೆಲ್ಲ ಬದಲಾದವು. ಬರೆದವರು ಯಾರೆಂದು ಡಿಪೋದಲ್ಲಿ ಗೊತ್ತಿದ್ದದ್ದು ಫಿಟ್ಟರ್ ಒಬ್ಬನಿಗೇ; ಲಕೋಟೆಗೆ ಅಂಟು ಹಚ್ಚಿದವನೇ ಅವನು.

ಮ್ಯಾನೇಜರ್ ಅವನನ್ನು ಕರೆದು ಬಾಗಿಲು ಹಾಕಿದ.

"ಬರೆದದ್ದು ನೀನೋ, ಅವನೋ? ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ನೆನಪಿರಲಿ."

ಅಷ್ಟೇ. ಒಂದು ಏಟಿಲ್ಲ, ಬೈಗುಳವಿಲ್ಲ. ಅಷ್ಟಕ್ಕೇ ಬಾಯಿಬಿಟ್ಟನಲ್ಲ, ಥೂ! ಮರುದಿನದಿಂದ ಮೆಕ್ಯಾನಿಕ್ಕನನ್ನು ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿದರು.

*

ಫಿಟ್ಟರ್ ಕಲ್ಲು ತೆಗೆದು ಹತ್ತಿದ ಮೇಲೆ ಬಸ್ಸು ಹೊರಟಿತು. ಮೆಕ್ಯಾನಿಕ್ಕನ ಹೆಂಡತಿ ಸೆರಗಿನ ಮರೆಯಿಂದ ಮಡಿಸಿದ ಹಾಳೆ ತೆಗೆದು ಫಿಟ್ಟರನ ಕೈಗಿಟ್ಟಳು.

"ಗುರುತಿನ ಚೀಟಿ ಹುಡುಕುವಾಗ ಸಿಕ್ತು. ಓದಿ ಅಣ್ಣಾ."

ಮೆಕ್ಯಾನಿಕ್ ಸಮಿತಿಗೆ ಬರೆದ ಉತ್ತರದ ನಕಲು. ಬೇರೆ ಸಾಕ್ಷಿ ಇದ್ದಾರೆಯೇ ಎಂದು ಅವರು ಕೇಳಿದ್ದರಂತೆ. 'ಒಬ್ಬರಿದ್ದಾರೆ. ಹೆಸರು ಕೇಳಬೇಡಿ. ಅವರ ಕೆಲಸ ಇನ್ನೂ ಖಾಯಂ ಆಗಿಲ್ಲ.'

"ಅದು ನೀವೇ ಅಲ್ವಾ? ಕೊನೇವರೆಗೂ ನಿಮ್ಮನ್ನ ಬಿಟ್ಟುಕೊಡ್ಲಿಲ್ಲ ನೋಡಿ," ಎಂದಳು. ಅಳುತ್ತಲೇ ಅವಳ ದನಿಯಲ್ಲೊಂದು ಹೆಮ್ಮೆ.

ಫಿಟ್ಟರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಾಳೆ ಮಡಿಸಿ ಜೇಬಿಗಿಟ್ಟು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂಬತ್ತು ವರ್ಷ ಹಾಗೇ ಇದ್ದನಲ್ಲ.

ಇಳಿಜಾರಿನ ನಡುವೆ ಎದುರಿಗೆ ಲಾರಿ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಬಸ್ಸು ನಿಂತಿತು.

"ತಂಗೀ, ಅವನ ಹೆಸರು ಹೇಳಿದ್ದು ನಾನೇ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ಚಾಚಿ ಹಾಳೆಯನ್ನು ವಾಪಸ್ಸು ತೆಗೆದುಕೊಂಡಳು. ಗಂಡನ ಪಕ್ಕಕ್ಕೆ ಸರಿದು ಕೂತಳು.

ಲಾರಿ ದಾರಿ ಬಿಡುವುದಕ್ಕೆ ಬಹಳ ಹೊತ್ತಾಯಿತು. ಅಲ್ಲಿಯವರೆಗೂ ಬಸ್ಸು ಆ ಇಳಿಜಾರಿನಲ್ಲಿ, ಚಕ್ರಕ್ಕೆ ಕಲ್ಲಿಲ್ಲದೆ, ಒಂದಿಂಚೂ ಜರುಗದೆ ನಿಂತಿತ್ತು.