ಕಮಾನಿನ ನಡುಗಾಜು

ಮಧ್ಯಾಹ್ನ ಮೂರು ಕಳೆಯಿತೆಂದರೆ ಕೊಲ್ಲಿನಾಡಿನ ಮುಹರ್ರಕ್ ಊರಿನ ಆ ಹಳೆಯ ಮನೆಯ ಮಹಡಿಕೋಣೆಯಲ್ಲಿ ಅಫೀಫಾಳ ಕೆಲಸ ಮುಂದಕ್ಕೆ ಹೋಗುತ್ತಿರಲಿಲ್ಲ. ಪಶ್ಚಿಮದ ಬಾಗಿಲ ಮೇಲೆ ಅರ್ಧಚಂದ್ರದ ಕಮಾನು, ಕಮಾನಿನಲ್ಲಿ ಏಳು ಬಣ್ಣದ ಗಾಜು. ಬಿಸಿಲು ನೀಲಿ, ಹಸಿರು, ಕೆಂಪು, ಹಳದಿಯಾಗಿ ನೆಲಕ್ಕೆ ಬೀಳುತ್ತಿತ್ತು. ಬಿದ್ದದ್ದು ಬಿದ್ದಲ್ಲೇ ಇರದೆ ಮೆಲ್ಲಗೆ ತೆವಳಿ ಎದುರು ಗೋಡೆಯ ಗಾರೆಯ ಹೂಗಳನ್ನು ಹತ್ತುತ್ತಿತ್ತು. ನೋಡುತ್ತ ಕೂತರೆ ಎಚ್ಚರವೋ ನಿದ್ದೆಯೋ ತಿಳಿಯದು. ಸಂಜೆ ಉಮ್ ಅಲ್ ಹಸ್ಸಮ್ ಬಡಾವಣೆಯ ತನ್ನ ಫ್ಲ್ಯಾಟಿಗೆ ಹೋಗಿ ಅಕ್ಕಿಹಿಟ್ಟು ಕಲಸುವಾಗಲೂ ಅವಳಿಗೆ ತನ್ನ ಕೈ ಹಸಿರಾಗಿಯೇ ಕಾಣುತ್ತಿತ್ತು.

ಸಾವಿರದ ಎಂಟುನೂರ ತೊಂಬತ್ತರ ದಶಕದಲ್ಲಿ ಮುತ್ತಿನ ವ್ಯಾಪಾರಿಯೊಬ್ಬ ಕಟ್ಟಿಸಿದ ಮನೆ ಅದು. ಅದೇ ವರ್ಷಗಳಲ್ಲಿ ಶಿಕಾಗೋದವರು ಉಕ್ಕಿನ ಎಲುಬು ನಿಲ್ಲಿಸಿ, ಲಿಫ್ಟ್ ಕೂರಿಸಿ ಮೋಡ ಮುಟ್ಟಲು ಹೊರಟಿದ್ದರೆಂದು ಅಫೀಫಾ ಮಂಗಳೂರಿನ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದಳು. ಇಲ್ಲಿಯವರಿಗೆ ಅಂಥ ಅವಸರವೇನೂ ಇರಲಿಲ್ಲ. ಹವಳದ ಕಲ್ಲು, ಮಲಬಾರಿನ ಮರ, ಗಾರೆ ಹಸಿಯಿರುವಾಗಲೇ ಚಾಕುವಿನಲ್ಲಿ ಬಿಡಿಸಿದ ಬಳ್ಳಿ, ಬರೀ ಎರಡು ಮಹಡಿ. ತಾವು ಆಕಾಶಕ್ಕೆ ಹೋಗುವ ಬದಲು ಆಕಾಶವನ್ನೇ ಮನೆಯೊಳಕ್ಕೆ ಕರೆದುಕೊಂಡಿದ್ದರು, ಜಾಣರು.

ಮನೆಯನ್ನು ಕಟ್ಟಿದ ದಿನದಂತೆ ಮಾಡಿಕೊಡುವುದು ಅಫೀಫಾಳ ಕಚೇರಿಯ ಕೆಲಸ, ನಕ್ಷೆ ಮತ್ತು ವರದಿ ಅವಳ ಪಾಲಿನದು. ಕೆಲಸ ಶುರುವಾದಾಗ ಕಮಾನಿನ ನಡುಗಾಜಿಗೆ ಬಣ್ಣವಿರಲಿಲ್ಲ. ಸಾದಾ ಗಾಜು, ಅಗ್ಗದ್ದು. ಚೌಕಟ್ಟಿನ ಸಂದಿಯಲ್ಲಿ ಕೆಂಪು ಚೂರೊಂದು ಸಿಕ್ಕಿತು. ಮೂಲದಲ್ಲಿ ಕೆಂಪು ಇತ್ತು, ಇದು ಯಾರೋ ಆಮೇಲೆ ಹಾಕಿದ ತೇಪೆ ಎಂದು ತೀರ್ಮಾನಿಸಿ ಅವಳು ಸಾದಾ ಗಾಜನ್ನು ತೆಗೆಸಿ, ಎಸೆಸಿ, ಕೆಂಪು ಹಾಕಿಸಿದಳು. ಹಾಕಿದವನು ಶಿರ್ವದ ಬಡಗಿ ಆಂತೋನಿ.

"ಇದನ್ನು ಬರೆದಿಡುದು ಬೇಡ್ವಾ ಮೇಡಂ?" ಎಂದು ಅವನು ಆಗಲೇ ಕೇಳಿದ್ದ.

"ಒಂದು ಗಾಜಿಗೆ ಎಂತ ಬರೆಯುದು ಮಾರಾಯಾ?" ಎಂದು ಅವಳು ನಕ್ಕಿದ್ದಳು. ವರದಿಯಲ್ಲಿ 'ಏಳೂ ಗಾಜುಗಳು ಮೂಲದವು' ಎಂದು ಬರೆದು ಸಹಿಯನ್ನೂ ಹಾಕಿಬಿಟ್ಟಳು.

ಉದ್ಘಾಟನೆಗೆ ಎರಡು ದಿನವಿದೆಯೆನ್ನುವಾಗ ಸುಲೈಖಾ ಬಂದರು. ಎಂಬತ್ತಾರು ವರ್ಷದ ಈ ಅಜ್ಜಿ ಹುಟ್ಟಿದ್ದು ಇದೇ ಮನೆಯಲ್ಲಿ. ತಂದೆಯ ವ್ಯಾಪಾರದ ದೆಸೆಯಿಂದ ಕೆಲವು ವರ್ಷ ಮುಂಬಯಿಯಲ್ಲಿದ್ದವರು. ಅವರ ಹಿಂದಿ ಅಫೀಫಾಳ ಹಿಂದಿಗಿಂತ ಚೆಂದವಿತ್ತು. ಜೊತೆಗೆ ಬಂದ ಮಗ ಕೆಳಗೆ ಅಂಗಳದಲ್ಲೇ ಅಫೀಫಾಳ ಬಳಿ ದನಿ ತಗ್ಗಿಸಿ ಹೇಳಿದ: ಅಮ್ಮ ಒಂಟಿಯಾಗಿದ್ದಾರೆ, ಮರೆವು ಹೆಚ್ಚಿದೆ, ತನ್ನ ಮೂವತ್ತೊಂದನೇ ಮಹಡಿಯ ಫ್ಲ್ಯಾಟಿಗೆ ಬನ್ನಿ ಎಂದರೆ ಒಲ್ಲೆ ಅನ್ನುತ್ತಾರೆ. ಕೊನೆಗೆ ಅವರೇ ಪಂಥ ಕಟ್ಟಿದ್ದಾರೆ. ತವರಿನ ಒಂದೊಂದು ಕೋಣೆಯನ್ನೂ ಗುರುತು ಹೇಳುತ್ತಾರಂತೆ. ತಪ್ಪಿದರೆ ಈಗಿರುವ ಮನೆ ಬಿಟ್ಟು ಅವನ ಜೊತೆ ಹೋಗುತ್ತಾರಂತೆ.

ಕೆಳಗಿನದೆಲ್ಲ ಸುಲೈಖಾ ತಪ್ಪಿಲ್ಲದೆ ಹೇಳಿದರು. ಬಾವಿ ಇಲ್ಲಿ, ಖರ್ಜೂರದ ಕೋಣೆ ಅಲ್ಲಿ, ಈ ಮೆಟ್ಟಿಲಲ್ಲಿ ತಮ್ಮ ಬಿದ್ದು ಹಲ್ಲು ಮುರಿದುಕೊಂಡದ್ದು. ಮಹಡಿಗೆ ಬಂದವರು ಮಾತ್ರ ಬಣ್ಣಗಳ ನಡುವೆ ನಿಂತುಬಿಟ್ಟರು. ಬಿಳಿಯ ಕೂದಲು ಹಳದಿಯಾಯಿತು, ನೀಲಿಯಾಯಿತು. ಅವರು ನೆಲದ ಮೇಲೆ ಏನನ್ನೋ ಹುಡುಕುತ್ತಿದ್ದರು.

"ಬಿಳಿ ಎಲ್ಲಿ?" ಎಂದರು.

"ಯಾವ ಬಿಳಿ, ಯುಮ್ಮಾ?" ಎಂದು ಮಗ ತಾಯಿಯನ್ನು ಕೇಳಿದ.

"ಅಮ್ಮ ಬಿಳಿಯ ಮೇಲೆ ಕೂತು ಕಸೂತಿಯ ದಾರ ಆರಿಸುತ್ತಿದ್ದಳು. ಬಿಳಿ ಸರಿದ ಹಾಗೆ ಚಾಪೆಯನ್ನೂ ಸರಿಸುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ನಾನೂ ಸರಿಯುತ್ತಿದ್ದೆ. ಆ ಗೋಡೆಯವರೆಗೆ." ಕೈ ತೋರಿಸಿದರು. "ಇಲ್ಲಿ ಬಿಳಿಯೇ ಇಲ್ಲ. ಇದು ನಮ್ಮ ಮನೆಯಲ್ಲ."

ಮಗ ಕಣ್ಣು ಮುಚ್ಚಿ ತಲೆಯಾಡಿಸಿದ. ಅವನ ಮಟ್ಟಿಗೆ ಪಂಥ ಮುಗಿಯಿತು.

ಅಫೀಫಾ ತಲೆಯೆತ್ತಿ ಕಮಾನಿನ ನಡುಗಾಜನ್ನು ನೋಡಿದಳು. ಕೆಂಪು ಬೆಳಕಿನಲ್ಲಿ ಕೆಂಪು ದಾರ ಯಾವುದು, ಕೇಸರಿ ಯಾವುದು? ಹಸಿರಿನಲ್ಲಿ ನೀಲಿ ಯಾವುದು? ಸುಲೈಖಾರ ತಾಯಿ ಬೇಕೆಂದೇ ಒಂದು ಗಾಜು ತೆಗೆಸಿ, ತನಗೆ ಒಂದು ಚಾಪೆಯಗಲದ ಹಗಲನ್ನು ಮಾಡಿಕೊಂಡಿದ್ದಳು. ಅದನ್ನು ಅಫೀಫಾ ತೇಪೆ ಅಂದಿದ್ದಳು. ಅವಳಿಗೆ ವಿಪರೀತ ನಾಚಿಕೆಯಾಯಿತು.

ಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದ ಆಂತೋನಿಗೂ ಹಿಂದಿ ಅರ್ಥವಾಗಿತ್ತು. ಹತ್ತಿರ ಬಂದು ಪಿಸುಗುಟ್ಟಿದ. "ಹೇಳ್ಲಿಕ್ಕೆ ಹೋಗ್ಬೇಡಿ ಮೇಡಂ. ರಿಪೋರ್ಟಿಗೆ ಸೈನ್ ಹಾಕಿದ್ದು ನೀವೇ ಅಲ್ವಾ? ಕೆಲಸ ಹೋದ್ರೆ ವೀಸಾ ಕೂಡ ಹೋಯ್ತು."

"ನಂಗೂ ಹೆದರಿಕೆ ಉಂಟು ಆಂತೋನಿ. ಆದ್ರೆ ಆ ಅಜ್ಜಿಯದ್ದು ತಪ್ಪಿಲ್ಲ ಅಲ್ವಾ?"

ಅವಳು ಮಗನ ಮುಂದೆ ಹೋಗಿ ನಿಂತು ಹಿಂದಿಯಲ್ಲಿ ಹೇಳಿದಳು: ಬಿಳಿ ಇತ್ತು. ಈ ನಡುಗಾಜು ಸಾದಾ ಆಗಿತ್ತು. ತೆಗೆಸಿದವಳು ನಾನು, ವರದಿಯಲ್ಲಿ ಸುಳ್ಳು ಬರೆದವಳೂ ನಾನು.

"ಅಮ್ಮನ ಸಮಾಧಾನಕ್ಕೆ ಹೇಳುತ್ತಿದ್ದೀರಿ," ಎಂದ ಅವನು, ಬೇಸರದಿಂದ.

ಅಫೀಫಾ ಟ್ಯಾಬ್ ತೆರೆದು ರಿಪೇರಿಗೆ ಮುಂಚಿನ ಫೋಟೊ ತೋರಿಸಿದಳು. ಧೂಳು ತುಂಬಿದ ಇದೇ ಕೋಣೆ, ನೆಲದಲ್ಲಿ ಬಣ್ಣದ ತುಂಡುಗಳು, ಅವುಗಳ ನಡುವೆ ಅಚ್ಚ ಬಿಳಿಯ ಒಂದು ತುಂಡು. ಮಗ ಟ್ಯಾಬನ್ನು ಕೈಗೆ ತೆಗೆದುಕೊಂಡು ನೋಡಿದ. ಸುಲೈಖಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮಗುವಿನ ಕೆನ್ನೆ ಸವರಿದಂತೆ ಎರಡು ಬೆರಳಲ್ಲಿ ಆ ಬಿಳಿಯನ್ನು ಸವರಿದರು. ಚಿತ್ರ ದೊಡ್ಡದಾಯಿತು, ಪರದೆಯ ತುಂಬ ಬಿಳಿ ತುಂಬಿಕೊಂಡಿತು. ಅವರು ಬೆಚ್ಚಿ, ಆಮೇಲೆ ನಕ್ಕರು.

"ಕಟ್ಟಿದಾಗ ಅಲ್ಲಿ ಯಾವ ಬಣ್ಣ ಇತ್ತು?" ಎಂದು ಅಫೀಫಾಳನ್ನು ಕೇಳಿದರು.

"ಕೆಂಪು."

"ಹಾಗಾದರೆ ನಿನ್ನದೂ ಸರಿಯೇ ಮಗಳೇ. ನಾನು ಅದನ್ನು ನೋಡಿರಲಿಲ್ಲ ಅಷ್ಟೇ." ಅವರು ಕೆಂಪು ಬೆಳಕು ಬಿದ್ದ ಜಾಗದಲ್ಲೇ ಕಾಲು ಚಾಚಿ ಕೂತರು. ತವರಿಗೆ ಬಂದ ಹೆಣ್ಣಿನ ಗತ್ತಿತ್ತು ಆ ಕೂರುವಿಕೆಯಲ್ಲಿ. "ನನ್ನ ತಲೆ ನೆಟ್ಟಗಿದೆ, ಕೇಳಿದೆಯಾ?" ಎಂದರು ಮಗನಿಗೆ.

"ಕೇಳಿದೆ ಯುಮ್ಮಾ." ಅವನು ಕಿಟಕಿಯ ಕಡೆ ತಿರುಗಿ, ಮೊಬೈಲ್ ಕಿವಿಗಿಟ್ಟು ಅರಬಿಯಲ್ಲಿ ಮೆಲ್ಲಗೆ ಹೇಳಿದ. ಅಫೀಫಾಳಿಗೆ ಅಷ್ಟು ಅರಬಿ ಬರುತ್ತಿತ್ತು.

"ಲಾರಿ ನಿಲ್ಲಿಸಿ. ಅಮ್ಮನ ಪೆಟ್ಟಿಗೆಗಳನ್ನು ಇಳಿಸಿ ಮತ್ತೆ ಅವರ ಮನೆಯೊಳಗಿಡಿ."

ಎಂಬತ್ತಾರಾದರೂ ಸುಲೈಖಾರ ಕಿವಿ ಚುರುಕಾಗಿತ್ತು.

"ಯಾವ ಪೆಟ್ಟಿಗೆ?" ಎಂದು ಕೇಳಿದರು.