ಬಾಯಿ ಬಿಡದ ಯಂತ್ರಗಳು

ಬಸ್ ನಿಲ್ದಾಣದ ಮೂರು ಟಿಕೆಟ್ ಯಂತ್ರಗಳು ಒಳಗೆ ಹೊಸ ಸರ್ಕ್ಯೂಟ್ ಬೋರ್ಡ್ ಹಾಕಿದ ದಿನವೇ ಕಣ್ಣು ಮುಚ್ಚಿದವು. ಬೋರ್ಡ್ ಹಾಕಿದವನು ಅಣ್ಣ, ರಿಪೇರಿ ಮೆಕ್ಯಾನಿಕ್. ಅವುಗಳನ್ನು ಎಬ್ಬಿಸಿ ನಡೆಸುವ ಮೂಲ ತಂತ್ರಾಂಶ, ಕರ್ನಲ್, ಬರೆದವಳು ತಂಗಿ. ಯಂತ್ರ ತಯಾರಿಸುವ ಕಂಪನಿಯಲ್ಲಿ ಆರು ವರ್ಷದಿಂದ ಅವಳಿಗೆ ಅದೇ ಕೆಲಸ. ಸ್ವಿಚ್ ಒತ್ತಿದರೆ ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು, ಪರದೆ ಮಾತ್ರ ಕಪ್ಪು. ನಿಲ್ದಾಣದ ಅಧಿಕಾರಿ ಪ್ರಯಾಣಿಕರ ಎದುರೇ ಅಣ್ಣನನ್ನು ತರಾಟೆಗೆ ತೆಗೆದುಕೊಂಡರು.

ಅಣ್ಣ ಒಂದು ಬೋರ್ಡ್ ಬಿಚ್ಚಿ ತಂದು ತಂಗಿಯ ಮೇಜಿನ ಮೇಲಿಟ್ಟ. "ನಾನೇನೂ ಮುರಿದಿಲ್ಲ ಕಣೇ. ಇದು ಕಲ್ಲಿನ ಥರ ಕೂತಿದೆ."

ಅವಳು ಬೋರ್ಡಿಗೆ ತಂತಿ ಜೋಡಿಸಿ ಕಂಪ್ಯೂಟರಿನಲ್ಲಿ ನೋಡಿದಳು. ಒಂದಕ್ಷರವೂ ಬರಲಿಲ್ಲ. ಅಕ್ಷರ ಕಳಿಸುವಷ್ಟು ಏಳುವ ಮೊದಲೇ ಕರ್ನಲ್ ಬಿದ್ದಿತ್ತು. ಅಷ್ಟು ಬೇಗನೆ ಅಕ್ಷರ ಕಳಿಸಬಲ್ಲ ಚಿಕ್ಕ ಕೋಡ್ ತುಣುಕೊಂದನ್ನು ಬರೆದು ಸೇರಿಸಿ, ಹೆಜ್ಜೆಹೆಜ್ಜೆಗೂ ಗುರುತು ಹಾಕುತ್ತ ಹೋದಳು. ಅಣ್ಣ ಪಕ್ಕದಲ್ಲೇ ಕುರ್ಚಿ ಎಳೆದು ಕೂತ.

ಸಂಜೆಯ ಹೊತ್ತಿಗೆ ಅದು ಬಿದ್ದ ಜಾಗ ಸಿಕ್ಕಿತು. ಏಳುತ್ತಿದ್ದಂತೆ ಕರ್ನಲ್ ಪರದೆಯ ಚಿತ್ರಕ್ಕೆಂದು ದೊಡ್ಡ ತುಂಡು ಮೆಮೊರಿ ಕೇಳುತ್ತಿತ್ತು. ಹೊಸ ಬೋರ್ಡಿನಲ್ಲಿ ಮೆಮೊರಿ ಹಳೆಯದರ ಅರ್ಧ. ಅಷ್ಟು ಇಲ್ಲ ಎನ್ನಲು ಸೊನ್ನೆ ಉತ್ತರವಾಗಿ ಬಂದಿತ್ತು. ಆ ಸೊನ್ನೆಯನ್ನೇ ವಿಳಾಸವೆಂದುಕೊಂಡು ಅಲ್ಲಿ ಬರೆಯಹೋಗಿ ಕರ್ನಲ್ ಮುಗ್ಗರಿಸಿತ್ತು. ಉತ್ತರ ನೋಡದೆ ಮುಂದೆ ಹೋಗುವ ಆ ಸಾಲು ಅವಳದೇ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. "ಅಣ್ಣಾ, ತಪ್ಪು ನಂದು. ಶುರುವಿನಲ್ಲಿ ಎಲ್ಲಾ ಖಾಲಿ ಇರುತ್ತಲ್ಲ, ಸಿಗದೆ ಎಲ್ಲಿ ಹೋಗುತ್ತೆ ಅಂದ್ಕೊಂಡಿದ್ದೆ."

"ಸಿಗಲಿಲ್ಲ ಅಂತ ಬಾಯಿಬಿಟ್ಟು ಹೇಳೋದಾದ್ರೂ ಬೇಡ್ವೇನೇ? ಬೆಳಿಗ್ಗೆಯೆಲ್ಲಾ ಸ್ಕ್ರೂ ಬಿಚ್ಚಿ ಬಿಚ್ಚಿ ನನ್ನ ಬೆರಳು ಸವೆದೋಯ್ತು."

ಅವಳು ತಿದ್ದಿದಳು. ಚಿತ್ರಕ್ಕೆ ಅಷ್ಟು ಸಿಗದಿದ್ದರೆ ಕಡಿಮೆ ಕೇಳಿ ಮುಂದುವರಿಯಬೇಕು. ಯಾವ ಮೆಮೊರಿ ಯಾವುದಕ್ಕೆ ಎಂದು ಬರೆದಿಡುವ ಪಟ್ಟಿಗೇ ಜಾಗ ಸಿಗದಿದ್ದರೆ, ಯಾವುದಕ್ಕೆ ಎಷ್ಟು ಕೇಳಿದೆ ಎಂದು ತಿಳಿಸಿ ಅಲ್ಲೇ ನಿಲ್ಲಬೇಕು.

"ನಿಂತುಬಿಟ್ರೆ ಮತ್ತೆ ಬೈಗುಳ ನಂಗೇ!"

"ಆ ಪಟ್ಟಿ ಇಲ್ದೆ ಓಡಿದ್ರೆ ಎಲ್ಲಿಯ ಟಿಕೆಟ್ಟೋ ಯಾರಿಗೋ ಕೊಡುತ್ತೆ. ನಿಲ್ಲೋದೇ ವಾಸಿ."

ಮರುದಿನ ಬೆಳಿಗ್ಗೆ ಇಬ್ಬರೂ ನಿಲ್ದಾಣಕ್ಕೆ ಹೋಗಿ ಮೂರಕ್ಕೂ ತಿದ್ದಿದ ಕರ್ನಲ್ ಹಾಕಿದರು. ಎರಡು ಯಂತ್ರಗಳು ಸ್ವಲ್ಪ ಮಬ್ಬು ಚಿತ್ರದೊಂದಿಗೆ ಎದ್ದವು. ಮೂರನೆಯದು ಏಳಲಿಲ್ಲ, ಆದರೆ ಅದಕ್ಕೆ ತಂತಿ ಜೋಡಿಸಿದ್ದ ಅಣ್ಣನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಮೂಡಿತು: ಪಟ್ಟಿಗೆ ಜಾಗ ಸಿಗಲಿಲ್ಲ. ಅಂಥದೇ ಬೋರ್ಡಿನ ಉಳಿದೆರಡು ಎದ್ದಿದ್ದರಿಂದ, ಇದರ ಮೆಮೊರಿ ಚಿಪ್ಪೇ ಕೆಟ್ಟಿದೆ ಎಂದು ಅವನಿಗೆ ಹೊಳೆಯಿತು. ಹತ್ತು ನಿಮಿಷದಲ್ಲಿ ಬೇರೆ ಬೋರ್ಡ್ ಹಾಕಿದ.

ತಂಗಿ ಅಧಿಕಾರಿಯ ಕೋಣೆಗೆ ಹೋಗಿ, "ನಿನ್ನೆ ಕೆಟ್ಟಿದ್ದು ನನ್ನಿಂದ ಸಾರ್, ಅಣ್ಣನಿಂದಲ್ಲ," ಎಂದಳು.

"ಈಗ ನಡೀತಿವೆಯೇನಮ್ಮಾ?"

"ನಡೀತಿವೆ."

"ಸರಿ," ಎಂದು ಅವರು ಫೈಲಿಗೆ ಮರಳಿದರು.

ಹೊರಗೆ ಅಣ್ಣ ಕಾದಿದ್ದ. "ಏನಂದ್ರು?"

"ಸರಿ ಅಂದ್ರು."

"ನಂಗೆ ಅರ್ಧ ಗಂಟೆ ಬೈದ್ರು. ನಿಂಗೆ ಒಂದೇ ಮಾತಾ!"